ವ್ಯಾಯಾಮ ಎಂದರೆ ಮೂಗು ಮುರಿಯುವವರಿಗೆ ಬೇರೆ ದಾರಿಗಳಿವೆ

ಟ್ರೆಡ್‌ಮಿಲ್ ಮೇಲೆ ಹತ್ತು ನಿಮಿಷ ನಡೆದು ‘ಇದೇನು ಶಿಕ್ಷೆಯಪ್ಪಾ’ ಎಂದು ಗೊಣಗುವವರ ಮಾತಿನಲ್ಲಿ ಉತ್ಪ್ರೇಕ್ಷೆಯೇನೂ ಇಲ್ಲ. ಆ ಯಂತ್ರದ ಪೂರ್ವಜ ಹುಟ್ಟಿದ್ದೇ ಶಿಕ್ಷೆಯಾಗಿ. 1818ರಲ್ಲಿ ವಿಲಿಯಂ ಕ್ಯೂಬಿಟ್ ಎಂಬ ಇಂಗ್ಲಿಷ್ ಎಂಜಿನಿಯರ್, ಜೈಲಿನಲ್ಲಿ ಸುಮ್ಮನೆ ಕೂತಿರುತ್ತಿದ್ದ ಕೈದಿಗಳಿಗಾಗಿ ಮೆಟ್ಟಿಲುಗಳಿರುವ ದೊಡ್ಡ ಚಕ್ರವೊಂದನ್ನು ರೂಪಿಸಿದ. ಕೈದಿಗಳು ಅದರ ಮೇಲೆ ಸಾಲಾಗಿ ನಿಂತು ಗಂಟೆಗಟ್ಟಲೆ ಹತ್ತುತ್ತಲೇ ಇರಬೇಕು. ಎಷ್ಟು ಹತ್ತಿದರೂ ಇದ್ದಲ್ಲೇ ಇರಬೇಕು. ಕೆಲವು ಜೈಲುಗಳಲ್ಲಿ ಆ ಚಕ್ರ ಕಾಳು ಬೀಸುತ್ತಿತ್ತು, ನೀರೆತ್ತುತ್ತಿತ್ತು. ಎಷ್ಟೋ ಕಡೆ ಅದರಿಂದ ಯಾವ ಕೆಲಸವೂ ಆಗುತ್ತಿರಲಿಲ್ಲ. 1898ರ ಜೈಲು ಕಾಯ್ದೆಯ ನಂತರ ಬ್ರಿಟನ್ನಿನಲ್ಲಿ ಅದು ಮರೆಯಾಯಿತು.

ಇಂದಿನ ಟ್ರೆಡ್‌ಮಿಲ್ ಹೃದಯಕ್ಕೆ ಒಳ್ಳೆಯದು, ಅದರ ಮೇಲೆ ನಡೆದು ಖುಷಿಪಡುವವರೂ ಇದ್ದಾರೆ. ಅವರ ಪಾಡಿಗೆ ಅವರು ನಡೆಯಲಿ. ಈ ಲೇಖನ ಉಳಿದವರಿಗಾಗಿ. ‘ನನಗೆ ವ್ಯಾಯಾಮ ಆಗಿಬರೋದಿಲ್ಲ’ ಎನ್ನುವವರನ್ನು ಗಮನಿಸಿ ನೋಡಿ: ಮಕ್ಕಳು ಚೆಂಡು ಹಿಡಿದು ಕರೆದರೆ ಇದೇ ಮಂದಿ ಮುಕ್ಕಾಲು ಗಂಟೆ ಓಡಾಡುತ್ತಾರೆ, ಮನೆ ಬದಲಿಸುವ ದಿನ ಪೆಟ್ಟಿಗೆ ಹೊತ್ತು ಹತ್ತಾರು ಸಲ ಮೆಟ್ಟಿಲು ಹತ್ತಿಳಿಯುತ್ತಾರೆ. ಮೈ ಅಲುಗಿಸಲು ಅವರಿಗೆ ತಕರಾರಿಲ್ಲ. ಹೇಳಿದಷ್ಟು ಹೊತ್ತು, ಹೇಳಿದ ಹಾಗೆ, ಒಬ್ಬರೇ, ಗೋಡೆ ನೋಡುತ್ತಾ ಅಲುಗಿಸುವುದಕ್ಕೆ ತಕರಾರು. ಇದನ್ನು ಸೋಮಾರಿತನ ಎಂದು ಬೈದು ಪ್ರಯೋಜನವಿಲ್ಲ. ಯಾವುದು ಹಿಡಿಸುತ್ತಿಲ್ಲ ಎಂದು ಬಿಡಿಸಿ ನೋಡಿದರೆ ಯಾವುದು ಹಿಡಿಸೀತು ಎಂಬುದಕ್ಕೂ ದಾರಿ ಸಿಗುತ್ತದೆ.

ಬೇಸರ ಎಲ್ಲಿಂದ ಬರುತ್ತದೆ

ಮೊದಲ ಕಾರಣ ಉಸಿರಿನದು. ನಿಧಾನವಾಗಿ ನಡೆಯುವಾಗ ಸ್ನಾಯುಗಳಿಗೆ ಬೇಕಾದ ಶಕ್ತಿ ಬಹುಮಟ್ಟಿಗೆ ಆಮ್ಲಜನಕದ ನೆರವಿನಿಂದಲೇ ಒದಗುತ್ತದೆ. ವೇಗ ಏರಿದಂತೆ ಒಂದು ಹಂತದಲ್ಲಿ ಅದು ಸಾಲದೆ, ಆಮ್ಲಜನಕ ಬೇಡದ ಇನ್ನೊಂದು ದಾರಿಯನ್ನೂ ದೇಹ ಹೆಚ್ಚೆಚ್ಚು ಬಳಸತೊಡಗುತ್ತದೆ. ಆ ದಾರಿಯಲ್ಲಿ ಹುಟ್ಟುವ ಲ್ಯಾಕ್ಟೇಟ್ ಎಂಬ ರಾಸಾಯನಿಕ ರಕ್ತದಲ್ಲಿ ಏರುತ್ತದೆ. ಜೊತೆಗೆ ಹೆಚ್ಚುವ ಆಮ್ಲೀಯತೆಯನ್ನು ಸರಿದೂಗಿಸಲು ಇಂಗಾಲದ ಡೈಆಕ್ಸೈಡ್ ಇನ್ನಷ್ಟು ಹೊರಹೋಗಬೇಕು, ಹಾಗಾಗಿ ಉಸಿರಾಟ ಬಿರುಸಾಗುತ್ತದೆ. ಈ ಹಂತವನ್ನು ಉಸಿರಿನ ಹೊಸ್ತಿಲು ಎಂದಿಟ್ಟುಕೊಳ್ಳೋಣ. ವ್ಯಾಯಾಮದ ವೇಳೆ ಮನಸ್ಸಿಗೆ ಏನನ್ನಿಸುತ್ತದೆ ಎಂಬುದನ್ನು ಬಹುಕಾಲದಿಂದ ಅಧ್ಯಯನ ಮಾಡುತ್ತಿರುವ ಪ್ಯಾಂಟೆಲೈಮನ್ ಎಕ್ಕೆಕಾಕಿಸ್ ಅವರ ಕೆಲಸದ ಸಾರ ಇದು: ಹೊಸ್ತಿಲಿನ ಕೆಳಗೆ ಹೆಚ್ಚಿನವರಿಗೆ ಹಿತವೆನಿಸುತ್ತದೆ, ಅದರ ಆಸುಪಾಸಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಥರ, ಮೇಲೆ ಹೋದರೆ ಬಹುತೇಕ ಎಲ್ಲರಿಗೂ ಅಹಿತ.

ವರ್ಷಗಟ್ಟಲೆ ಕುರ್ಚಿಯಲ್ಲೇ ಕೂತು ಕೆಲಸ ಮಾಡಿದವರಲ್ಲಿ ಈ ಹೊಸ್ತಿಲು ಬಹಳ ಕೆಳಗಿರುತ್ತದೆ. ಪಳಗಿದ ಓಟಗಾರ ಹರಟೆ ಹೊಡೆಯುತ್ತಾ ಓಡುವ ವೇಗದಲ್ಲಿ ಇವರ ಎದೆ ಬಾಯಿಗೆ ಬಂದಿರುತ್ತದೆ. ‘ನಾಳೆಯಿಂದ ಓಡೋಕೆ ಶುರು ಮಾಡಿ’ ಎಂಬ ಸಲಹೆ ಕೆಡುವುದು ಇಲ್ಲೇ. ಮೊದಲ ದಿನವೇ ಹೊಸ್ತಿಲು ದಾಟಿಸಿ, ಓಟವೆಂದರೆ ಏದುಸಿರು ಎಂಬ ನೆನಪನ್ನು ಅದು ಮನಸ್ಸಿನಲ್ಲಿ ಕೂರಿಸಿಬಿಡುತ್ತದೆ. ತಾನು ಎಲ್ಲಿದ್ದೇನೆಂದು ತಿಳಿಯಲು ಯಂತ್ರವೇನೂ ಬೇಕಿಲ್ಲ. ಪೂರ್ತಿ ವಾಕ್ಯ ಆಡಬಹುದು ಆದರೆ ಹಾಡಲಾಗದು ಎಂದಿದ್ದರೆ ಅದು ಮಧ್ಯಮ ಶ್ರಮ. ಎರಡು ಪದಕ್ಕೊಮ್ಮೆ ಉಸಿರು ತೆಗೆದುಕೊಳ್ಳಬೇಕಾದರೆ ತೀವ್ರ ಶ್ರಮ. ಹೊಸಬರು ಕೆಲವು ವಾರ ಮೊದಲನೆಯದರಲ್ಲೇ ಇದ್ದರೆ ಏನೂ ನಷ್ಟವಿಲ್ಲ.

ಎರಡನೆಯದು ಮನಸ್ಸಿನ ಕಾರಣ. ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯನ್ ಎಂಬ ಮನೋವಿಜ್ಞಾನಿಗಳ ಪ್ರಕಾರ ಒಂದು ಕೆಲಸ ತಾನಾಗಿಯೇ ಮಾಡಬೇಕೆನಿಸಲು ಮೂರು ಸಂಗತಿ ಒದಗಬೇಕು: ಆಯ್ಕೆ ನನ್ನದೆಂಬ ಭಾವ, ದಿನೇದಿನೇ ಕೈ ಪಳಗುತ್ತಿದೆ ಎಂಬ ಅನುಭವ, ಜೊತೆಗೆ ಜನ. ಯಾರೋ ಬರೆದುಕೊಟ್ಟ ಪಟ್ಟಿ ಹಿಡಿದು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ ಅಪರಿಚಿತರ ನಡುವೆ ಯಂತ್ರದಿಂದ ಯಂತ್ರಕ್ಕೆ ಹೋಗುವವರಿಗೆ ಮೂರರಲ್ಲಿ ಒಂದು ಸಿಕ್ಕರೆ ಹೆಚ್ಚು. ಆಟಗಳಲ್ಲಿ ಮೂರೂ ಕೇಳದೆಯೇ ಸಿಗುತ್ತವೆ. ನಿಮಗೆ ಇವುಗಳಲ್ಲಿ ಯಾವುದರ ಕೊರತೆ ಕಾಡುತ್ತಿದೆ ಎಂದು ಒಮ್ಮೆ ಕೇಳಿಕೊಂಡರೆ ಮುಂದೆ ಬರುವುದರಲ್ಲಿ ಯಾವುದು ನಿಮ್ಮದು ಎಂದು ಆರಿಸುವುದು ಸುಲಭ. ಒಂಟಿತನವೇ ತೊಂದರೆಯಾಗಿದ್ದರೆ ಸ್ಕಿಪ್ಪಿಂಗ್ ಹಗ್ಗ ಕೊಂಡು ಫಲವಿಲ್ಲ. ಜನರೆದುರು ಮುಜುಗರವಾಗುವುದಾದರೆ ನೃತ್ಯದ ತರಗತಿಗೆ ಸೇರಿ ಫಲವಿಲ್ಲ.

ದೇಹ ಇಡುವ ಲೆಕ್ಕ

ಮಾಡುತ್ತಿರುವುದನ್ನು ನಾವು ಆಟ ಎನ್ನುತ್ತೇವೋ ಕೆಲಸ ಎನ್ನುತ್ತೇವೋ ಎಂಬುದರ ಗೊಡವೆ ಹೃದಯಕ್ಕಿಲ್ಲ. ಎಷ್ಟು ಆಮ್ಲಜನಕ ಬೇಕಾಯಿತು ಎಂಬುದಷ್ಟೇ ಅದಕ್ಕೆ ಗೊತ್ತು. ಇದನ್ನು ಅಳೆಯಲು ‘ಮೆಟ್’ ಎಂಬ ಏಕಮಾನವಿದೆ. ಸುಮ್ಮನೆ ಕೂತಿರುವಾಗ ದೇಹ ಬಳಸುವ ಆಮ್ಲಜನಕ, ಅಂದರೆ ನಿಮಿಷಕ್ಕೆ ಪ್ರತಿ ಕಿಲೊ ತೂಕಕ್ಕೆ ಸುಮಾರು 3.5 ಮಿಲಿಲೀಟರ್, ಒಂದು ಮೆಟ್. ಅದರ ಮೂರು ಪಟ್ಟಿನಿಂದ ಆರು ಪಟ್ಟಿನವರೆಗೆ ಮಧ್ಯಮ ಶ್ರಮ, ಆರರಿಂದ ಮೇಲೆ ತೀವ್ರ ಶ್ರಮ. ನೂರಾರು ಚಟುವಟಿಕೆಗಳ ಮೆಟ್ ಅಂಕಿಗಳನ್ನು ಒಟ್ಟುಗೂಡಿಸಿದ ಪಟ್ಟಿಯೊಂದು 1993ರಲ್ಲಿ ಮೊದಲು ಪ್ರಕಟವಾಯಿತು. ಸಂಶೋಧಕರು ಇಂದಿಗೂ ಅದನ್ನು ಪರಿಷ್ಕರಿಸುತ್ತಾ ಬಳಸುತ್ತಿದ್ದಾರೆ. ಅದರ ಪ್ರಕಾರ ಸಾಧಾರಣ ವೇಗದ ನಡಿಗೆ ಸುಮಾರು 3.5 ಮೆಟ್. ಟೇಬಲ್ ಟೆನಿಸ್ 4, ಹವ್ಯಾಸಕ್ಕೆ ಆಡುವ ಬ್ಯಾಡ್ಮಿಂಟನ್ 5.5, ಹಗ್ಗ ಜಿಗಿತ ವೇಗಕ್ಕೆ ತಕ್ಕಂತೆ 8ರಿಂದ 12.

ಈ ಅಂಕಿಗಳಿಂದ ಕ್ಯಾಲೊರಿ ಲೆಕ್ಕ ಹಾಕುವುದೂ ಸುಲಭ. ಒಂದು ಮೆಟ್ ಎಂದರೆ ಗಂಟೆಗೆ ಪ್ರತಿ ಕಿಲೊ ತೂಕಕ್ಕೆ ಹತ್ತಿರಹತ್ತಿರ ಒಂದು ಕಿಲೊಕ್ಯಾಲೊರಿ. 60 ಕಿಲೊ ತೂಗುವವರು ಅರ್ಧ ಗಂಟೆ ನಡೆದರೆ ಸುಮಾರು 105, ಅರ್ಧ ಗಂಟೆ ಬ್ಯಾಡ್ಮಿಂಟನ್ ಆಡಿದರೆ 165. ಸುಮ್ಮನೆ ಕೂತಿದ್ದರೂ ಖರ್ಚಾಗುತ್ತಿದ್ದ 30 ಇದರಲ್ಲೇ ಸೇರಿದೆ. ತೂಕ ಇಳಿಸುವುದೊಂದೇ ಗುರಿಯಾದವರಿಗೆ ಈ ಅಂಕಿ ನಿರಾಸೆ ತರಬಹುದು; ಊಟದ ಕಡೆ ಕಣ್ಣು ಹಾಯಿಸದೆ ಬರೀ ಚಟುವಟಿಕೆಯಿಂದ ತೂಕ ಹೆಚ್ಚು ಇಳಿಯುವುದಿಲ್ಲ. ಹೃದಯ, ರಕ್ತದೊತ್ತಡ, ಸಕ್ಕರೆ ಪ್ರಮಾಣ, ನಿದ್ದೆ, ಮನಸ್ಸಿನ ಉಲ್ಲಾಸ ಇವು ಮಾತ್ರ ತೂಕ ಇಳಿಯಲಿ ಎಂದು ಕಾಯುವುದಿಲ್ಲ.

ಎಷ್ಟು ಬೇಕು? ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಇಲ್ಲವೇ 75ರಿಂದ 150 ನಿಮಿಷ ತೀವ್ರ ಶ್ರಮ, ಎರಡನ್ನೂ ಬೆರೆಸಿಕೊಳ್ಳಬಹುದು. ವಾರದಲ್ಲಿ ಎರಡು ದಿನವಾದರೂ ಸ್ನಾಯು ಬಲಪಡಿಸುವ ಕೆಲಸ. ಹಿಂದೆ ಒಂದೇ ಬಾರಿಗೆ ಕನಿಷ್ಠ 10 ನಿಮಿಷ ಮಾಡಿದರೆ ಮಾತ್ರ ಲೆಕ್ಕ ಎಂಬ ಷರತ್ತಿತ್ತು, 2020ರಲ್ಲಿ ಅದನ್ನು ಕೈಬಿಡಲಾಯಿತು. ವ್ಯಾಯಾಮ ಕಂಡರಾಗದವರ ಪಾಲಿಗೆ ಇಡೀ ಮಾರ್ಗಸೂಚಿಯಲ್ಲಿ ಇದಕ್ಕಿಂತ ದೊಡ್ಡ ಸುದ್ದಿಯಿಲ್ಲ. ಎರಡು ನಿಮಿಷ, ನಾಲ್ಕು ನಿಮಿಷ ಎಲ್ಲವೂ ಜಮೆಯಾಗುತ್ತವೆ.

ಕುಣಿತ

ನನ್ನನ್ನು ಕೇಳಿದರೆ ಪಟ್ಟಿಯಲ್ಲಿ ಮೊದಲ ಜಾಗ ಇದಕ್ಕೇ. ಸಲಕರಣೆ ಬೇಡ, ನಾಲ್ಕು ಹೆಜ್ಜೆ ಜಾಗ ಸಾಕು, ಬಾಗಿಲು ಹಾಕಿಕೊಂಡರೆ ನೋಡುವವರೂ ಇಲ್ಲ.

ಒಂದು ಹಾಡಿನ ಉದ್ದಕ್ಕೆ ಏನಾಗುತ್ತದೆ ನೋಡೋಣ. ಮೊದಲ ಅರ್ಧ ನಿಮಿಷ ಬರೀ ತೂಗಾಟ. ತೂಕ ಎಡಗಾಲಿನಿಂದ ಬಲಗಾಲಿಗೆ, ಬಲಗಾಲಿನಿಂದ ಎಡಗಾಲಿಗೆ. ಪಲ್ಲವಿ ಬರುವ ಹೊತ್ತಿಗೆ ಕೈಗಳು ಭುಜದ ಮಟ್ಟಕ್ಕೆ ಏರಿರುತ್ತವೆ. ಕೈ ಮೇಲೆತ್ತಿದ್ದಷ್ಟೂ ಎದೆಬಡಿತ ಜೋರು, ಇದನ್ನು ಯಾರು ಬೇಕಾದರೂ ಪರೀಕ್ಷಿಸಿ ನೋಡಬಹುದು. ಎರಡನೇ ಚರಣದಲ್ಲಿ ಮಂಡಿ ತಾನಾಗಿಯೇ ಬಗ್ಗುತ್ತದೆ, ಆಗ ದೇಹದ ದೊಡ್ಡ ಸ್ನಾಯುಗಳಾದ ತೊಡೆ ಮತ್ತು ಪೃಷ್ಠದ ಸ್ನಾಯುಗಳು ಕೆಲಸಕ್ಕೆ ಇಳಿಯುತ್ತವೆ. ಒಂದು ಸುತ್ತು ತಿರುಗಿ ಬೀಳದೆ ನಿಂತಿರೆಂದರೆ ಸಮತೋಲನದ ಅಭ್ಯಾಸವೂ ಆಯಿತು. ನಾಲ್ಕು ನಿಮಿಷಕ್ಕೆ ಹಾಡು ಮುಗಿದಾಗ ಮಾತಾಡಬಹುದು, ಹಾಡಲು ಮಾತ್ರ ಉಸಿರು ಸಾಲದು. ಮಧ್ಯಮ ಶ್ರಮ ಎಂದರೆ ಅದೇ ತಾನೇ? ಇಂಥ ಐದಾರು ಹಾಡಾದರೆ ದಿನದ ಪಾಲು ಸಂದಂತೆ.

ಸಂಗೀತ ಇಲ್ಲಿ ಬರೀ ಹಿನ್ನೆಲೆಯಲ್ಲ. ಕಡಿಮೆ ಮತ್ತು ಮಧ್ಯಮ ಶ್ರಮದಲ್ಲಿ ಅದು ಆಯಾಸದ ಕಡೆಗಿನ ಗಮನವನ್ನು ಬೇರೆಡೆ ಸೆಳೆಯುತ್ತದೆ. ಅಷ್ಟೇ ಕೆಲಸ ಮಾಡಿದರೂ ಕಡಿಮೆ ಮಾಡಿದಂತೆನಿಸುತ್ತದೆ. ಉಸಿರಿನ ಹೊಸ್ತಿಲು ದಾಟಿದ ಮೇಲೆ ಮಾತ್ರ ಯಾವ ಹಾಡಿಗೂ ಆ ಶಕ್ತಿಯಿಲ್ಲ, ಏದುಸಿರು ಎಲ್ಲವನ್ನೂ ಮೀರಿ ಕೇಳುತ್ತದೆ. ಇನ್ನು ಜೊತೆಯಲ್ಲಿ ಒಂದೇ ಲಯಕ್ಕೆ ಮೈ ಆಡಿಸುವುದರ ಸೊಗಸೇ ಬೇರೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ದೋಣಿ ಹುಟ್ಟುಗಾರರ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಬ್ಬೊಬ್ಬರೇ ಹುಟ್ಟು ಹಾಕಿದ್ದಕ್ಕಿಂತ ಗುಂಪಿನಲ್ಲಿ ಹಾಕಿದ ಮೇಲೆ ಅವರು ನೋವು ಸಹಿಸುವ ಮಟ್ಟ ಹೆಚ್ಚು ಏರಿತ್ತು. ಶ್ರಮದ ಪ್ರಮಾಣ ಎರಡರಲ್ಲೂ ಒಂದೇ. ನೋವು ತಗ್ಗಿಸುವ, ಮಿದುಳಿನದೇ ರಾಸಾಯನಿಕವಾದ ಎಂಡಾರ್ಫಿನ್ ಇದಕ್ಕೆ ಕಾರಣವಿರಬೇಕು ಎಂದು ಸಂಶೋಧಕರು ಊಹಿಸಿದರು. ಗುಂಪು ನೃತ್ಯ ಮುಗಿಸಿ ಬಂದವರ ಮುಖದ ಕಳೆಗೂ ಇದಕ್ಕೂ ನಂಟಿದ್ದೀತು.

ಮಿದುಳಿನ ವಿಷಯದಲ್ಲಿ ಇನ್ನೊಂದು ಅಧ್ಯಯನವನ್ನು ಎಲ್ಲರೂ ಉಲ್ಲೇಖಿಸುತ್ತಾರೆ. 75 ದಾಟಿದ 469 ಮಂದಿಯನ್ನು ವರ್ಷಗಟ್ಟಲೆ ಗಮನಿಸಿ 2003ರಲ್ಲಿ ಪ್ರಕಟಿಸಿದ ಈ ವರದಿಯಲ್ಲಿ, ಓದು, ಬೋರ್ಡ್ ಆಟ, ವಾದ್ಯ ನುಡಿಸುವುದು ಇವುಗಳ ಜೊತೆಗೆ ಮರೆಗುಳಿತನದ ಅಪಾಯ ಕಡಿಮೆ ಇದ್ದದ್ದು ಕಂಡುಬಂತು. ದೈಹಿಕ ಚಟುವಟಿಕೆಗಳ ಪೈಕಿ ಹಾಗೆ ಕಂಡದ್ದು ನೃತ್ಯ ಒಂದೇ. ಕುಣಿದರೆ ಮರೆವು ಬರುವುದಿಲ್ಲ ಎಂದು ಇದರಿಂದ ತೀರ್ಮಾನಿಸುವಂತಿಲ್ಲ. ಮಿದುಳು ಚುರುಕಾಗಿದ್ದವರೇ ಕುಣಿಯಲು ಹೋಗುತ್ತಿದ್ದಿರಲೂಬಹುದು. ಆದರೂ ಹೆಜ್ಜೆ ನೆನಪಿಡುವುದು, ಲಯ ಹಿಡಿಯುವುದು, ಜೊತೆಗಾರರಿಗೆ ಹೊಂದಿಕೊಳ್ಳುವುದು ಇಷ್ಟನ್ನೂ ಒಟ್ಟಿಗೆ ಬೇಡುವ ವ್ಯಾಯಾಮ ಬೇರೆ ಹೆಚ್ಚಿಲ್ಲ.

ಎದುರಾಳಿ ಬೇಕೆನ್ನುವವರಿಗೆ

ಬ್ಯಾಡ್ಮಿಂಟನ್, ಟೆನಿಸ್, ಟೇಬಲ್ ಟೆನಿಸ್, ಪಿಕಲ್‌ಬಾಲ್ ಇವುಗಳಲ್ಲೆಲ್ಲ ಒಂದು ಮೋಸವಿದೆ, ಒಳ್ಳೆಯ ಮೋಸ. ಗಮನವೆಲ್ಲ ಚೆಂಡಿನ ಮೇಲಿರುವುದರಿಂದ ಕಾಲು ಏನು ಮಾಡುತ್ತಿದೆ ಎಂಬುದೇ ಮರೆತುಹೋಗಿರುತ್ತದೆ. ನೆಟ್ ಹತ್ತಿರ ಬಿದ್ದ ಶಟಲ್ ಎತ್ತಲು ಒಂದು ಕಾಲನ್ನು ಉದ್ದಕ್ಕೆ ಚಾಚಿ ಬಗ್ಗುವುದೆಂದರೆ ಜಿಮ್‌ನಲ್ಲಿ ‘ಲಂಜ್’ ಎಂದು ಹೆಸರಿಟ್ಟು ಎಣಿಸಿ ಮಾಡಿಸುವ ವ್ಯಾಯಾಮವೇ. ಅಲ್ಲಿ ಹನ್ನೆರಡಕ್ಕೆ ‘ಸಾಕಪ್ಪಾ’ ಎನ್ನುವವರು ಇಲ್ಲಿ ಅರ್ಧ ಗಂಟೆಯಲ್ಲಿ ಎಷ್ಟು ಮಾಡಿದೆವೆಂದು ಎಣಿಸಿಯೂ ಇರುವುದಿಲ್ಲ. ಒಂದು ಪಾಯಿಂಟಿಗೂ ಇನ್ನೊಂದಕ್ಕೂ ನಡುವೆ ಶಟಲ್ ಹೆಕ್ಕಲು ನಡೆಯುವ ಹತ್ತು ಸೆಕೆಂಡ್ ವಿರಾಮವಿದೆಯಲ್ಲ, ಉಸಿರು ಹೊಸ್ತಿಲಿನ ಮೇಲೇ ಉಳಿಯದಂತೆ ಅದು ಕಾಯುತ್ತದೆ.

ಕೋಪನ್‌ಹೇಗನ್‌ನಲ್ಲಿ ಸುಮಾರು 8,600 ಮಂದಿಯನ್ನು 25 ವರ್ಷಗಳವರೆಗೆ ಹಿಂಬಾಲಿಸಿದ ಅಧ್ಯಯನದ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಕೂತೇ ಇರುತ್ತಿದ್ದವರಿಗೆ ಹೋಲಿಸಿದರೆ ಟೆನಿಸ್ ಆಡುವವರ ಆಯುಸ್ಸು 9.7 ವರ್ಷ, ಬ್ಯಾಡ್ಮಿಂಟನ್ ಆಡುವವರದು 6.2 ವರ್ಷ, ಜಾಗಿಂಗ್ ಮಾಡುವವರದು 3.2 ವರ್ಷ ಹೆಚ್ಚಿತ್ತು. ಹೆಲ್ತ್ ಕ್ಲಬ್ಬಿನ ವ್ಯಾಯಾಮ ಮಾಡುವವರಿಗೆ ಸಿಕ್ಕಿದ್ದು 1.5 ವರ್ಷ. ಜಿಮ್ ಕಂಡರಾಗದವರು ಇದನ್ನು ಗೋಡೆಗೆ ಅಂಟಿಸಿಕೊಳ್ಳುವ ಮೊದಲು ಒಂದು ಮಾತು: ಟೆನಿಸ್ ಆಡುವಷ್ಟು ಬಿಡುವು, ಅನುಕೂಲ, ಸ್ನೇಹಿತರು ಇರುವವರ ಬದುಕು ಬೇರೆ ರೀತಿಯಲ್ಲೂ ಸುಖವಾಗಿರುತ್ತದೆ. ಆಯುಸ್ಸು ಕೊಟ್ಟದ್ದು ರಾಕೆಟ್ಟೋ ಸ್ನೇಹಿತರೋ ಎಂದು ಇಂಥ ಅಧ್ಯಯನ ಹೇಳಲಾರದು. ಆದರೆ ಆಟ ಜೊತೆಗಾರರನ್ನೂ ತರುತ್ತದೆ ಎಂಬುದು ದೋಷವೇನೂ ಅಲ್ಲವಲ್ಲ.

ರಾಕೆಟ್ ಹಿಡಿದೇ ಗೊತ್ತಿಲ್ಲದವರು ಪಿಕಲ್‌ಬಾಲ್‌ನಿಂದ ಶುರು ಮಾಡಬಹುದು. 1965ರಲ್ಲಿ ಅಮೆರಿಕದ ಬೇನ್‌ಬ್ರಿಜ್ ದ್ವೀಪದಲ್ಲಿ ಬೇಸರಗೊಂಡ ಮಕ್ಕಳನ್ನು ಆಡಿಸಲು ಹುಟ್ಟಿದ ಆಟವಿದು. ಅಂಗಳ ಚಿಕ್ಕದು, ತೂತುಗಳಿರುವ ಪ್ಲಾಸ್ಟಿಕ್ ಚೆಂಡು ನಿಧಾನವಾಗಿ ಬರುತ್ತದೆ, ಮೊದಲ ದಿನವೇ ನಾಲ್ಕು ಹೊಡೆತ ಕೂಡಿಬರುತ್ತವೆ. ಗೆಲುವು ಸೋಲು ಬೇಡವೆನ್ನುವವರಿಗೆ ಫ್ರಿಸ್ಬೀ ಎಸೆದಾಟವಿದೆ. ಇನ್ನು ಮುಟ್ಟಾಟ, ಕುಂಟೆಬಿಲ್ಲೆ ಇವು ಮಕ್ಕಳಿಗಷ್ಟೇ ಎಂದು ಯಾರೂ ಬರೆದುಕೊಟ್ಟಿಲ್ಲ. ಒಂದೇ ಕಾಲಲ್ಲಿ ಕುಂಟಿ ಬಿಲ್ಲೆ ಎತ್ತಿ ನೆಟ್ಟಗೆ ನಿಲ್ಲುವುದು ನಲವತ್ತು ದಾಟಿದವರಿಗೆ ನೆನಪಿರುವುದಕ್ಕಿಂತ ಕಷ್ಟ.

ಹಗ್ಗ, ಬಳೆ, ನೀರು

ಸ್ಕಿಪ್ಪಿಂಗ್ ಅಗ್ಗದ ಸಲಕರಣೆಯಲ್ಲಿ ತೀವ್ರ ಶ್ರಮ ಕೊಡುತ್ತದೆ. ಹೊಸಬರು ಕೈಬಿಡುವುದೂ ಅದೇ ಕಾರಣಕ್ಕೆ. ಹಗ್ಗದ ನಡುವೆ ಕಾಲಿಟ್ಟು ನಿಂತು ಎರಡೂ ಹಿಡಿಗಳನ್ನು ಮೇಲೆಳೆದಾಗ ಅವು ಕಂಕುಳಿನವರೆಗೆ ಬಂದರೆ ಉದ್ದ ಸರಿಯಾಗಿದೆ. ಹಗ್ಗ ತಿರುಗಬೇಕಾದ್ದು ಮಣಿಕಟ್ಟಿನಿಂದ, ತೋಳು ಬೀಸಬೇಕಿಲ್ಲ. ನೆಲದಿಂದ ಎರಡು ಮೂರು ಸೆಂಟಿಮೀಟರ್ ಎದ್ದರೆ ಹಗ್ಗ ದಾಟಿಹೋಗುತ್ತದೆ. ಮಂಡಿ ಎತ್ತೆತ್ತಿ ಹಾರುವವರು ಅರ್ಧ ನಿಮಿಷದಲ್ಲೇ ಸುಸ್ತಾಗುತ್ತಾರೆ. 20 ಸೆಕೆಂಡ್ ಜಿಗಿದು 40 ಸೆಕೆಂಡ್ ಸುಮ್ಮನೆ ಅಡ್ಡಾಡುವುದು, ಹೀಗೆ ಆರೇಳು ಸುತ್ತು ಆರಂಭಕ್ಕೆ ಧಾರಾಳ. ಮಂಡಿನೋವಿರುವವರು ಇದರ ತಂಟೆಗೆ ಹೋಗದಿರುವುದು ವಾಸಿ.

ಸೊಂಟದ ಸುತ್ತ ತಿರುಗಿಸುವ ದೊಡ್ಡ ಬಳೆ, ಹೂಲಾ ಹೂಪ್ ಬಗ್ಗೆ ‘ಅದು ಚಿಕ್ಕವರಿಗೇ ಸರಿ’ ಎಂಬ ಅಭಿಪ್ರಾಯಕ್ಕೆ ಕಾರಣ ಚಿಕ್ಕವರ ಅಳತೆಯ ಹೂಪನ್ನೇ ದೊಡ್ಡವರೂ ಹಿಡಿಯುವುದು. ನಿಲ್ಲಿಸಿದರೆ ಹೊಕ್ಕಳಿನ ಎತ್ತರಕ್ಕೆ ಬರುವ, ಕೊಂಚ ತೂಕವಿರುವ ಹೂಪ್ ನಿಧಾನವಾಗಿ ಸುತ್ತುತ್ತದೆ, ಆದ್ದರಿಂದ ಬೀಳದೆ ಸೊಂಟದಲ್ಲೇ ಸುಲಭವಾಗಿ ನಿಲ್ಲುತ್ತದೆ. ಸೊಂಟವನ್ನು ಗುಂಡಗೆ ತಿರುಗಿಸಬೇಕಿಲ್ಲ. ಒಂದು ಕಾಲು ಮುಂದಿಟ್ಟು, ಹೂಪ್ ಹೊಟ್ಟೆಗೆ ತಗುಲಿದಾಗಲೆಲ್ಲ ಮುಂದಕ್ಕೆ, ಬೆನ್ನಿಗೆ ತಗುಲಿದಾಗ ಹಿಂದಕ್ಕೆ ತಳ್ಳಿದರೆ ಸಾಕು.

ಕೀಲುನೋವು ಅಥವಾ ಹೆಚ್ಚಿನ ತೂಕದಿಂದ ಜಿಗಿಯಲಾಗದವರಿಗೆ ಕೊಳದ ನೀರಿನಷ್ಟು ದಯಾಳು ಬೇರೊಂದಿಲ್ಲ. ಸೊಂಟದ ಮಟ್ಟದ ನೀರಿನಲ್ಲಿ ನಿಂತರೆ ಕಾಲಿನ ಮೇಲೆ ಬೀಳುವುದು ದೇಹತೂಕದ ಸುಮಾರು ಅರ್ಧದಷ್ಟು ಮಾತ್ರ. ಕತ್ತಿನವರೆಗೆ ಇಳಿದರೆ ಹತ್ತರಲ್ಲಿ ಒಂದು ಪಾಲು. ಈಜು ಬಾರದಿದ್ದರೂ ನೀರಿನೊಳಗೆ ನಡೆಯಬಹುದು. ಪ್ರತಿ ಹೆಜ್ಜೆಗೂ ನೀರು ಎದುರು ನಿಲ್ಲುವುದರಿಂದ ಸ್ನಾಯುಗಳಿಗೆ ಕೆಲಸ ತಪ್ಪುವುದಿಲ್ಲ.

ಲೆಕ್ಕಕ್ಕೆ ಬಾರದೆ ಆಗಿಹೋಗುವ ಶ್ರಮ

ಆಟವೂ ಬೇಡ, ಕುಣಿತವೂ ಬೇಡ ಎನ್ನುವವರಿದ್ದಾರೆ. ಅವರಿಗಾಗಿ ಲಂಡನ್ ಬಸ್ಸುಗಳ ಕಥೆ. 1953ರಲ್ಲಿ ಜೆರೆಮಿ ಮಾರಿಸ್ ಎಂಬ ವೈದ್ಯ ಮತ್ತವರ ತಂಡ, ಡಬಲ್ ಡೆಕ್ಕರ್ ಬಸ್ಸುಗಳ ಚಾಲಕರಿಗಿಂತ ಕಂಡಕ್ಟರುಗಳಲ್ಲಿ ಹೃದಯಾಘಾತ ಕಡಿಮೆ ಎಂದು ತೋರಿಸಿತು. ಒಂದೇ ಬಸ್ಸು, ಒಂದೇ ಬಗೆಯ ಮನೆತನದ ಜನ. ಒಬ್ಬರು ದಿನವಿಡೀ ಕೂತಿರುತ್ತಿದ್ದರು, ಇನ್ನೊಬ್ಬರು ಟಿಕೆಟ್ ಕೊಡುತ್ತಾ ದಿನಕ್ಕೆ ನೂರಾರು ಮೆಟ್ಟಿಲು ಹತ್ತಿಳಿಯುತ್ತಿದ್ದರು. ಮಾರಿಸ್ ಅಷ್ಟಕ್ಕೇ ನಿಲ್ಲದೆ ಇಬ್ಬರ ಸಮವಸ್ತ್ರದ ಅಳತೆಯನ್ನೂ ತರಿಸಿ ನೋಡಿದರು; ಚಾಲಕರ ಪ್ಯಾಂಟಿನ ಸೊಂಟ ಅಗಲವಾಗಿತ್ತು, ಕೆಲಸಕ್ಕೆ ಹೊಸದಾಗಿ ಸೇರಿದವರಲ್ಲೂ ಆ ವ್ಯತ್ಯಾಸವಿತ್ತು. ಅಂದರೆ ಎಲ್ಲ ಶ್ರೇಯವೂ ಮೆಟ್ಟಿಲಿನದಲ್ಲ. ತಮ್ಮ ವಾದಕ್ಕೆ ತೊಡಕಾಗುವ ಸಾಕ್ಷ್ಯವನ್ನು ತಾವೇ ಹುಡುಕಿ ಪ್ರಕಟಿಸಿದರು ಎಂಬುದಕ್ಕೇ ಈ ಕೆಲಸದ ಮೇಲೆ ನನಗೆ ಗೌರವ ಹೆಚ್ಚು. ಮುಂದಿನ ಎಷ್ಟೋ ಅಧ್ಯಯನಗಳು ಅವರ ಮೂಲ ಮಾತನ್ನು ಎತ್ತಿಹಿಡಿದವು.

1999ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ಜೇಮ್ಸ್ ಲೆವೀನ್ ಮತ್ತು ಸಂಗಡಿಗರು 16 ಮಂದಿಗೆ ಎಂಟು ವಾರ ದಿನವೂ 1,000 ಕಿಲೊಕ್ಯಾಲೊರಿ ಹೆಚ್ಚು ಉಣ್ಣಿಸಿದರು. ಒಬ್ಬರಿಗೆ ಕೂಡಿದ ಕೊಬ್ಬು 0.36 ಕಿಲೊ, ಇನ್ನೊಬ್ಬರಿಗೆ 4.23 ಕಿಲೊ. ವ್ಯತ್ಯಾಸಕ್ಕೆ ಮುಖ್ಯ ಕಾರಣವಾಗಿ ಕಂಡದ್ದು ವ್ಯಾಯಾಮವೆಂದು ಯಾರೂ ಕರೆಯದ ಚಲನೆ: ಎದ್ದು ಓಡಾಡುವುದು, ನಿಲ್ಲುವುದು, ಕೂತಲ್ಲೇ ಮಿಸುಕಾಡುವುದು. ಫೋನಿನಲ್ಲಿ ಮಾತಾಡುವಾಗ ಶತಪಥ ಹಾಕುವವರನ್ನು ಇನ್ನು ಮುಂದೆ ‘ಒಂದ್ಕಡೆ ಕೂತ್ಕೊಳ್ರೀ’ ಎಂದು ಗದರಬೇಡಿ.

ಇನ್ನೂ ಈಚಿನದು 2022ರ ಫಲಿತಾಂಶ. ‘ನಾವು ವ್ಯಾಯಾಮ ಮಾಡುವುದಿಲ್ಲ’ ಎಂದು ಹೇಳಿಕೊಂಡ ಬ್ರಿಟನ್ನಿನ 25 ಸಾವಿರಕ್ಕೂ ಹೆಚ್ಚು ಮಂದಿಯ ಮಣಿಕಟ್ಟಿಗೆ ಕಟ್ಟಿದ ಸಾಧನದ ಮಾಹಿತಿಯನ್ನು ಇಮ್ಯಾನುಯೆಲ್ ಸ್ಟಾಮಟಾಕಿಸ್ ತಂಡ ಪರಿಶೀಲಿಸಿತು. ಬಸ್ಸಿಗಾಗಿ ಓಡುವುದು, ಭಾರದ ಚೀಲ ಹೊತ್ತು ಸರಸರ ಮೆಟ್ಟಿಲೇರುವುದು, ಇಂಥ ಒಂದೆರಡು ನಿಮಿಷದ ಬಿರುಸಿನ ಚಲನೆ ದಿನಕ್ಕೆ ಮೂರು ಸಲ ಇದ್ದವರಲ್ಲಿ ಅದು ಇಲ್ಲದವರಿಗಿಂತ ಸಾವಿನ ಅಪಾಯ ಶೇ 38ರಿಂದ 40ರಷ್ಟು ಕಡಿಮೆ ಇತ್ತು. ಗಟ್ಟಿಮುಟ್ಟಾದವರೇ ಹಾಗೆ ಓಡುತ್ತಿದ್ದಿರಬಹುದು ಎಂಬ ಅನುಮಾನ ಇಲ್ಲೂ ಉಳಿಯುತ್ತದೆ. ಆದರೆ ಖರ್ಚಿಲ್ಲದ, ಬಟ್ಟೆ ಬದಲಿಸಬೇಕಿಲ್ಲದ ಪ್ರಯೋಗವಿದು. ದಿನಕ್ಕೆ ಮೂರು ಸಲ ಲಿಫ್ಟ್ ಬಿಟ್ಟು ಮೆಟ್ಟಿಲನ್ನು ಬೇಗಬೇಗ ಹತ್ತಿ. ತೋಟದಲ್ಲಿ ಗುದ್ದಲಿ ಹಿಡಿಯುವುದು, ನೆಲ ತಿಕ್ಕಿ ಒರೆಸುವುದು, ವಾಹನ ತೊಳೆಯುವುದು ಇವೆಲ್ಲ ಮೂರು ಮೆಟ್ ದಾಟುವ ಕೆಲಸಗಳೇ.

ದಿನಕ್ಕೆ 10,000 ಹೆಜ್ಜೆ ಆಗಲಿಲ್ಲವೆಂದು ಕೊರಗುವುದೂ ಬೇಡ. ಆ ಸಂಖ್ಯೆ ಬಂದದ್ದು 1965ರಲ್ಲಿ ಜಪಾನಿನ ಕಂಪನಿಯೊಂದು ಮಾರಿದ ಹೆಜ್ಜೆ ಎಣಿಸುವ ಸಾಧನದ ಹೆಸರಿನಿಂದ. ವಯಸ್ಸಾದ ಮಹಿಳೆಯರ ಮೇಲಿನ 2019ರ ಅಧ್ಯಯನದಲ್ಲಿ 4,400 ಹೆಜ್ಜೆಗೇ ಲಾಭ ಕಾಣಿಸಿಕೊಂಡು 7,500ರ ಹೊತ್ತಿಗೆ ಏರಿಕೆ ನಿಂತಿತ್ತು.

ಆರಂಭಶೂರತ್ವದ ಕಾಟ

ಹೊಸದೆಲ್ಲ ಕೆಲವು ವಾರ ಚೆಂದ. 2016ರಲ್ಲಿ ಪೊಕೆಮಾನ್ ಗೋ ಎಂಬ, ನಡೆದಾಡುತ್ತಾ ಆಡುವ ಫೋನ್ ಆಟ ಬಂದಾಗ ಜನ ಫೋನ್ ಹಿಡಿದು ಬೀದಿಬೀದಿ ಅಲೆದರು. ಅಮೆರಿಕದ ಯುವ ಆಟಗಾರರ ಹೆಜ್ಜೆಗಳನ್ನು ಎಣಿಸಿ ನೋಡಿದಾಗ ಮೊದಲ ವಾರ ದಿನಕ್ಕೆ ಸರಾಸರಿ 955 ಹೆಜ್ಜೆ ಹೆಚ್ಚಾಗಿತ್ತು. ಆರನೇ ವಾರಕ್ಕೆ ಅವರು ಮೊದಲಿದ್ದಲ್ಲಿಗೇ ಮರಳಿದ್ದರು. ಇದನ್ನು ಆಟದ ಸೋಲು ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಐದು ವಾರ ಒಂದು, ಮುಂದಿನ ಐದು ವಾರ ಇನ್ನೊಂದು ಎಂದು ಮೊದಲೇ ಒಪ್ಪಿಕೊಂಡರೆ ಬೇಸರ ಬಂದಾಗ ತಪ್ಪಿತಸ್ಥ ಭಾವ ಇರುವುದಿಲ್ಲ. ಮೂರು ನಾಲ್ಕು ಚಟುವಟಿಕೆ ಕೈಯಲ್ಲಿದ್ದು, ಒಂದು ಹಳಸಿದಾಗ ಮತ್ತೊಂದಕ್ಕೆ ಹಾರುವವರನ್ನು ಚಂಚಲರೆಂದು ಹೀಗಳೆಯುವುದು ಅನ್ಯಾಯ. ಅವರ ದೇಹಕ್ಕಂತೂ ಬಗೆಬಗೆಯ ಚಲನೆ ಸಿಗುತ್ತಿರುತ್ತದೆ. 1998ರ ಡಾನ್ಸ್ ಡಾನ್ಸ್ ರೆವಲ್ಯೂಷನ್‌ನಿಂದ ಹಿಡಿದು ಕಣ್ಣಿಗೆ ಕನ್ನಡಕದಂಥ ಸಾಧನ ಕಟ್ಟಿಕೊಂಡು ಆಡುವ ಇಂದಿನ ವಿಆರ್ ಆಟಗಳವರೆಗೆ ಪರದೆ ನೋಡಿ ಮೈ ಆಡಿಸುವ ಆಟಗಳಿಗೂ ಇದೇ ಮಾತು. ಕೂತು ಆಡುವ ವಿಡಿಯೊ ಗೇಮ್‌ಗಿಂತ ಖಂಡಿತ ಮೇಲು, ಮೋಹ ತೀರುವವರೆಗೆ ಆಡಿ.

ಮೋಹವನ್ನು ಸ್ವಲ್ಪ ಹಿಗ್ಗಿಸುವ ಉಪಾಯವೊಂದನ್ನು ಜನರ ವರ್ತನೆಯನ್ನು ಅಧ್ಯಯನ ಮಾಡುವ ಕೇಟಿ ಮಿಲ್ಕ್‌ಮನ್ ಮತ್ತು ಸಹೋದ್ಯೋಗಿಗಳು ಪರೀಕ್ಷಿಸಿದ್ದಾರೆ. ಕೈಬಿಡಲಾಗದಂಥ ರೋಚಕ ಕಾದಂಬರಿಗಳ ಧ್ವನಿಪುಸ್ತಕವನ್ನು ಜಿಮ್‌ನಲ್ಲಿ ಮಾತ್ರ ಕೇಳಲು ಕೊಟ್ಟರು. ಕಥೆ ಮುಂದೇನಾಯಿತು ಎಂದು ತಿಳಿಯಬೇಕಾದರೆ ಅಲ್ಲಿಗೇ ಬರಬೇಕು. 2014ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಆರಂಭದ ದಿನಗಳಲ್ಲಿ ಆ ಗುಂಪಿನವರು ಇತರರಿಗಿಂತ ಶೇ 51ರಷ್ಟು ಹೆಚ್ಚು ಸಲ ಜಿಮ್‌ಗೆ ಬಂದರು. ರಜೆಯೊಂದು ಬಂದು ಹೋದ ಮೇಲೆ ಉತ್ಸಾಹ ಇಳಿಯಿತು. ಸಂಜೆ ನಡಿಗೆಗೆಂದೇ ಒಂದು ಪಾಡ್‌ಕಾಸ್ಟ್ ಕಾದಿರಿಸಿ, ಕೂತು ಕೇಳುವುದಿಲ್ಲ ಎಂದು ಪಟ್ಟು ಹಿಡಿದು ನೋಡಿ. ರಜೆಯ ನಂತರ ಹೊಸ ಕಥೆ ಹಚ್ಚಿಕೊಳ್ಳಬೇಕು, ಅಷ್ಟೇ.

ಮೋಜಿನಲ್ಲಿ ಸಿಗದ್ದು

ಇಷ್ಟೆಲ್ಲ ಹೊಗಳಿದ ಮೇಲೆ ಕೊರತೆಯನ್ನೂ ಹೇಳಬೇಕು. ಮೇಲಿನ ಬಹುತೇಕ ಚಟುವಟಿಕೆಗಳು ಹೃದಯ, ಶ್ವಾಸಕೋಶಗಳಿಗೆ ಒಳ್ಳೆಯವು. ತೋಳು, ಬೆನ್ನು, ಎದೆಯ ಸ್ನಾಯುಗಳಿಗೆ ಸಾಕಷ್ಟು ಭಾರ ಬೀಳುವುದಿಲ್ಲ. ವಯಸ್ಸಾದಂತೆ ಸ್ನಾಯು ಕರಗುವುದು ಸಹಜ. ತಡೆಯಲು ಅದರ ಮೇಲೆ ಭಾರ ಹಾಕುವುದು ಬಿಟ್ಟು ಬೇರೆ ದಾರಿಯಿಲ್ಲ. ಭಾರ ಎಂದರೆ ಕಬ್ಬಿಣವೇ ಆಗಬೇಕೆಂದಿಲ್ಲವಲ್ಲ. ಬೌಲ್ಡರಿಂಗ್‌ನಲ್ಲಿ, ಅಂದರೆ ಹಗ್ಗವಿಲ್ಲದೆ ದಪ್ಪ ಹಾಸಿನ ಮೇಲೆ ತಗ್ಗು ಗೋಡೆ ಏರುವ ಆಟದಲ್ಲಿ, ಎತ್ತುವ ಭಾರ ನಮ್ಮ ದೇಹದ್ದೇ. ಮುಂದಿನ ಹಿಡಿಗೆ ಯಾವ ಕೈ, ಯಾವ ಕಾಲು ಎಂದು ಯೋಚಿಸುವುದರಲ್ಲೇ ತಲೆ ಮುಳುಗಿರುತ್ತದೆ, ಒಗಟು ಬಿಡಿಸುವ ಚಟವಿರುವವರು ಇದಕ್ಕೆ ಬೇಗ ಅಂಟಿಕೊಳ್ಳುತ್ತಾರೆ. ಮನೆಯಲ್ಲೇ ಆಗಬೇಕೆಂದರೆ ಕರಡಿಯಂತೆ ಕೈಕಾಲೂರಿ ನಡೆಯುವುದು, ಏಡಿಯಂತೆ ಹಿಂದಕ್ಕೆ ಸರಿಯುವುದು, ಕೈ ನೆಲಕ್ಕೆ ತಾಗಿಸದೆ ಕೂತಲ್ಲಿಂದ ಏಳುವುದು. ಮಕ್ಕಳಿದ್ದರೆ ನಾಚಿಕೆಯೂ ಆಗುವುದಿಲ್ಲ, ಪಂದ್ಯವೇ ಕಟ್ಟಬಹುದು. 65 ದಾಟಿದವರಿಗೆ ವಾರಕ್ಕೆ ಮೂರು ದಿನ ಸಮತೋಲನ ಮತ್ತು ಬಲ ಎರಡೂ ಸೇರಿದ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಹೃದ್ರೋಗ ಇರುವವರು, ಶ್ರಮಪಟ್ಟಾಗ ಎದೆ ನೋಯುವವರು, ತಲೆ ಸುತ್ತಿ ಬೀಳುವವರು, ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಶುರು ಮಾಡಬೇಕು. ರಾಕೆಟ್ ಆಟಗಳಲ್ಲಿ ಪಾದದ ಕೀಲು ಹೊರಳುವುದು ಸಾಮಾನ್ಯ. ಓಟದ ಶೂ ಹಾಕಿ ಅಕ್ಕಪಕ್ಕ ಜಿಗಿದರೆ ಅದರ ಸಾಧ್ಯತೆ ಹೆಚ್ಚು, ಆಯಾ ಆಟಕ್ಕೆಂದೇ ಮಾಡಿದ ಚಪ್ಪಟೆ ಅಟ್ಟೆಯ ಶೂ ಇರಲಿ.

ಇನ್ನು ಕ್ರಮದ ವಿಚಾರ. 2016ರಲ್ಲಿ ಎಕ್ಕೆಕಾಕಿಸ್ ಸೇರಿದಂತೆ ಮೂವರು ಸಂಶೋಧಕರು 46 ಮಂದಿಯನ್ನು ಎರಡು ಗುಂಪು ಮಾಡಿ 15 ನಿಮಿಷ ಸೈಕಲ್ ತುಳಿಸಿದರು. ಒಂದು ಗುಂಪಿಗೆ ಶ್ರಮ ಹೊತ್ತು ಹೋದಂತೆ ಏರುತ್ತಿತ್ತು. ಇನ್ನೊಂದಕ್ಕೆ ಆರಂಭದಲ್ಲೇ ಹೆಚ್ಚಿದ್ದು ಬರಬರುತ್ತಾ ಇಳಿಯುತ್ತಿತ್ತು. ಇಳಿಯುತ್ತಾ ಹೋದ ಗುಂಪಿನವರು ವಾರ ಕಳೆದ ಮೇಲೂ ಅದನ್ನು ಹೆಚ್ಚು ಹಿತವಾಗಿತ್ತೆಂದು ನೆನೆದರು. ಬಹಳಷ್ಟು ವ್ಯಾಯಾಮ ತರಗತಿಗಳು ಇದಕ್ಕೆ ತದ್ವಿರುದ್ಧ, ಕೊನೆಯ ಐದು ನಿಮಿಷದಲ್ಲಿ ಹಿಂಡಿ ಹಿಪ್ಪೆ ಮಾಡಿ ಕಳಿಸುತ್ತವೆ. ಬ್ಯಾಡ್ಮಿಂಟನ್ ಆಡುವವರು ಜಿದ್ದಿನ ಪಂದ್ಯವನ್ನು ಮೊದಲೇ ಮುಗಿಸಿ ಕೊನೆಯ ಹತ್ತು ನಿಮಿಷ ಪಾಯಿಂಟ್ ಎಣಿಸದೆ ಶಟಲ್ ತೇಲಿಸಬಹುದು. ಕುಣಿಯುವವರು ಬಿರುಸಿನ ಹಾಡುಗಳನ್ನು ಪಟ್ಟಿಯ ಮುಂದಕ್ಕೆ ತಂದುಕೊಳ್ಳಬಹುದು. ಅವಕ್ಕೂ ಮೊದಲು ಒಂದು ನಿಧಾನದ ಹಾಡಿರಲಿ, ಮೈ ಬಿಸಿಯಾಗದೆ ಜಿಗಿದರೆ ಮೀನಖಂಡ ಹಿಡಿದುಕೊಳ್ಳುತ್ತದೆ.